ಆರು ಲಾರಿ, ಒಂದು ರೈಸ್ ಮಿಲ್: ಗಾಡಿ ವಿಮೆ ಸಾಕಾ, ಸೈಬರ್ ಪಾಲಿಸಿನೂ ಬೇಕಾ?

ಕೇಳಿದವರು, ಗಂಗಾವತಿ:
ನಮ್ಮದು ಗಂಗಾವತಿ ಹತ್ತಿರ ರೈಸ್ ಮಿಲ್. ಆರು ಲಾರಿ, ಎರಡು ಪಿಕಪ್ ಇವೆ. ಆಫೀಸಲ್ಲಿ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಇರೋದು ಒಂದೇ ಕಂಪ್ಯೂಟರಲ್ಲಿ. ಗಾಡಿಗಳ ವಿಮೆ ರಿನ್ಯೂವಲ್‌ಗೆ ಬಂದಿದೆ. ಏಜೆಂಟ್ ಈ ಸಲ ಸೈಬರ್ ಪಾಲಿಸಿನೂ (ಕಂಪ್ಯೂಟರ್ ಹ್ಯಾಕ್ ಆದಂಥ ನಷ್ಟಕ್ಕೆ ವಿಮೆ) ಮಾಡಿಸಿ ಅಂತಿದ್ದಾರೆ. ನಮ್ಮಂಥವರಿಗೆ ಅದು ಬೇಕಾ? ಗಾಡಿ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು? ಅನುಭವ ಇದ್ದವರು ಹೇಳಿ.

ಲಾರಿ ಮಾಲೀಕರು, ಬಳ್ಳಾರಿ:
ನಾವು ಸಂಡೂರು ಕಡೆಯಿಂದ ಅದಿರು ಸಾಗಿಸುವವರು. ಪ್ರೀಮಿಯಂ ಎಲ್ಲಿ ಕಡಿಮೆ ಅಂತ ಹುಡುಕೋದು ಆಮೇಲೆ. ಮೊದಲು ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಡ್ರೈವರ್ ಲೈಸೆನ್ಸ್ ಈ ಮೂರರ ಕೊನೇ ದಿನಾಂಕ ಬರೆದು ಗೋಡೆಗೆ ಅಂಟಿಸಿ. ಎಂಟು ವರ್ಷದೊಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷಾ ವರ್ಷಾ. ಹಳೇ ಗಾಡಿ ಇದ್ದವರು ಜಾಸ್ತಿ ಸಿಕ್ಕಿಬೀಳೋದು ಇಲ್ಲೇ.

ನಮ್ಮ ಪರಿಚಯದವರ ಲಾರಿ ತೋರಣಗಲ್ಲು ಹತ್ತಿರ ಬೈಕಿಗೆ ಬಡಿಯಿತು. ಡ್ರೈವರ್ ಲೈಸೆನ್ಸ್ ಮುಗಿದು ಬಹಳ ದಿನ ಆಗಿತ್ತು. ವಿಮಾ ಕಂಪನಿ ಬೈಕಿನವರ ಮನೆಗೆ ಪರಿಹಾರ ಕೊಟ್ಟಿತು, ಆಮೇಲೆ ಅಷ್ಟೂ ದುಡ್ಡಿಗೆ ಇವರ ಬೆನ್ನು ಬಿತ್ತು. ‘ಪೇ ಅಂಡ್ ರಿಕವರ್’ ಅಂತ ವಕೀಲರು ಹೇಳೋದು ಇದನ್ನೇ. 2004ರ ಸ್ವರಣ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಮಾಲೀಕನದೇ ಅಲಕ್ಷ್ಯ ಅಂತ ಸಾಬೀತಾದರೆ, ಪಾಲಿಸಿ ಇದ್ದೂ ಹೊಲ ಮಾರಬೇಕಾಗುತ್ತೆ.

ಪಿಕಪ್ ವಿಷಯದಲ್ಲಿ ಸ್ವಲ್ಪ ಸಮಾಧಾನ ಇದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ ಪ್ರಕಾರ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಬಹುದು. ಲಾರಿಗೆ ಮಾತ್ರ ಹೆವಿ ಲೈಸೆನ್ಸೇ ಬೇಕು.

ಓವರ್‌ಲೋಡ್ ಬಗ್ಗೆ ಹೇಳಿದರೆ ಎಲ್ಲರಿಗೂ ಸಿಟ್ಟು ಬರುತ್ತೆ, ಆದರೂ ಹೇಳ್ತೀನಿ. ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಒಂದೊಂದು ಟನ್ನಿಗೂ 2,000. ದಂಡ ಹೇಗೋ ಕಟ್ಟಬಹುದು. ಅಪಘಾತ ಆದ ಮೇಲೆ ನಷ್ಟ ಅಳೆಯಲು ಬರುವ ವಿಮಾ ಸರ್ವೇಯರ್ ವೇ-ಬ್ರಿಡ್ಜ್ (ಲಾರಿ ತೂಕದ) ಚೀಟಿ ಕೇಳಿದಾಗಲೇ ನಿಜವಾದ ಫಜೀತಿ.

ವಿಮಾ ಏಜೆಂಟ್, ರಾಯಚೂರು:
ನಾನು ಪಾಲಿಸಿ ಮಾರುವವನು, ಅದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ. ಲಾರಿ ಪಾಲಿಸಿಯಲ್ಲಿ ಒಳಗಿರುವ ಅಕ್ಕಿಗೆ ರಕ್ಷಣೆ ಇಲ್ಲ. ಲಾರಿ ಕಾಲುವೆಗೆ ಬಿದ್ದರೆ ಲಾರಿಯ ದುಡ್ಡು ಬರಬಹುದು, ಅಕ್ಕಿಯದು ಬರಲ್ಲ. ಅದಕ್ಕೆ ಮರೈನ್ ಟ್ರಾನ್ಸಿಟ್ ಪಾಲಿಸಿ (ಹೆಸರಷ್ಟೇ ಮರೈನ್, ರಸ್ತೆಯಲ್ಲಿ ಸಾಗಿಸುವ ಸರಕಿಗೂ ಇದೇ) ಬೇರೆ ಮಾಡಿಸಬೇಕು. ಬೇರೆಯವರ ಆಸ್ತಿಗೆ ಆಗುವ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದ ಮಿತಿ. ಡ್ರೈವರ್, ಕ್ಲೀನರ್ ಹೆಸರಿನ ಪ್ರೀಮಿಯಂ ಸಾಲು ಪಾಲಿಸಿಯಲ್ಲಿ ಇದೆಯಾ ಅಂತ ನೋಡಿ. ಸಣ್ಣ ಮೊತ್ತ, ಸುಮ್ನೆ ಬಿಟ್ಟುಬಿಡ್ತಾರೆ.

ಸೈಬರ್ ಪಾಲಿಸಿ ಕೆಟ್ಟದ್ದಲ್ಲ. ಆದರೆ ಅರ್ಜಿಯಲ್ಲಿ ‘ಬ್ಯಾಕಪ್ ಇದೆಯಾ, ಎರಡು ಹಂತದ ಲಾಗಿನ್ ಇದೆಯಾ’ ಅಂತ ಕೇಳಿರ್ತಾರೆ. ಇಲ್ಲದಿದ್ದರೂ ಇದೆ ಅಂತ ಟಿಕ್ ಹಾಕಿದರೆ ಕ್ಲೇಮ್ ದಿನ ಅದೇ ಮುಳ್ಳಾಗುತ್ತೆ. ಇನ್ನೊಂದು ವಿಷಯ. ಮೋಸ ಹೋಗಿ ನೀವೇ ಕಳಿಸಿದ ದುಡ್ಡಿಗೆ ಎಷ್ಟೋ ಪಾಲಿಸಿಗಳಲ್ಲಿ ರಕ್ಷಣೆ ಇರಲ್ಲ, ಇದ್ದರೂ ಪ್ರತ್ಯೇಕ ಸಣ್ಣ ಮಿತಿ ಇರುತ್ತೆ. ನಮ್ಮ ಕಡೆ ವ್ಯಾಪಾರಸ್ಥರು ಕಳೆದುಕೊಳ್ಳೋದು ಜಾಸ್ತಿ ಹೀಗೇ. ಅದೊಂದು ಸಾಲು ಓದದೆ ಸಹಿ ಹಾಕಬೇಡಿ.

ಮಿಲ್ ಅಕೌಂಟೆಂಟ್, ಸಿಂಧನೂರು:
ಮೇಲಿನವರು ಹೇಳಿದ್ದು ಪೂರ್ತಿ ನಿಜ. ನಮ್ಮಲ್ಲಿ ನಡೆದದ್ದು ಕೇಳಿ. ಟೈರ್ ಸಪ್ಲೈಯರ್ ಬಿಲ್ ಇಮೇಲಲ್ಲಿ ಬಂತು. ಲೋಗೋ, ಜಿಎಸ್‌ಟಿ ನಂಬರ್, ಮೊತ್ತ ಎಲ್ಲ ಸರಿ. ಬ್ಯಾಂಕ್ ಖಾತೆ ಮಾತ್ರ ಬೇರೆ, ಜೊತೆಗೆ ‘ಆಡಿಟ್ ಕಾರಣಕ್ಕೆ ಹೊಸ ಖಾತೆ’ ಅಂತ ಎರಡು ಸಾಲು. ಸೀಸನ್ ಗಡಿಬಿಡಿ ಬೇರೆ, ಯಾರು ನೋಡ್ತಾರೆ? ದುಡ್ಡು ಹೋಯಿತು. ಸಾಯಂಕಾಲ ಸಪ್ಲೈಯರ್ ಫೋನ್ ಮಾಡಿದಾಗ ಗೊತ್ತಾಯಿತು. ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಹೇಳಿದ್ದಕ್ಕೆ ಸ್ವಲ್ಪ ಭಾಗ ಮುಂದಿನ ಖಾತೆಯಲ್ಲಿ ತಡೆಹಿಡಿಯಲಾಯಿತು. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್) ಠಾಣೆಗೆ ದೂರು.

ಈಗ ಒಂದೇ ನಿಯಮ. ಖಾತೆ ನಂಬರ್ ಬದಲಾಗಿದೆ ಅಂತ ಯಾರೇ ಹೇಳಿದರೂ ನಮ್ಮ ಹಳೇ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳೋದು. ಬಿಲ್‌ನಲ್ಲಿರುವ ನಂಬರಿಗೆ ಅಲ್ಲ. ಮಾಲೀಕರೇ ವಾಟ್ಸಾಪಲ್ಲಿ ಅರ್ಜೆಂಟ್ ಅಂದರೂ ಇದೇ ನಿಯಮ. ಅವರಿಗೆ ಮೊದಲು ಬೇಜಾರಾಗಿತ್ತು, ಆಗಲಿ ಬಿಡಿ.

ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿ ಪೋರ್ಟಲಲ್ಲಿ ಮಾಡುವ ಆನ್‌ಲೈನ್ ಚೀಟಿ) ಲಾಗಿನ್ ಕೂಡ ನೋಡಿ. 2025ರ ಏಪ್ರಿಲ್‌ನಿಂದ ಎಲ್ಲರಿಗೂ ಒಟಿಪಿ ಕಡ್ಡಾಯ. ಆ ಒಟಿಪಿ ಇನ್ನೂ ಬಿಟ್ಟು ಹೋದ ಗುಮಾಸ್ತನ ಫೋನಿಗೆ ಹೋಗ್ತಿದೆಯಾ? ಒಬ್ಬೊಬ್ಬರಿಗೂ ಬೇರೆ ಸಬ್-ಯೂಸರ್ (ಅವರದೇ ಲಾಗಿನ್) ಮಾಡಿಕೊಡಿ. ನಿಮ್ಮ ಜಿಎಸ್‌ಟಿ ನಂಬರಿಗೆ ಬೇರೆ ಯಾರೋ ಇ-ವೇ ಬಿಲ್ ಎಬ್ಬಿಸಿದ್ದರೆ 72 ಗಂಟೆಯೊಳಗೆ ತಿರಸ್ಕರಿಸಬಹುದು. ವಾರಕ್ಕೆ ಎರಡು ಸಲವಾದರೂ ಪೋರ್ಟಲ್ ತೆರೆದು ನೋಡಿ.

ಕಂಪ್ಯೂಟರ್ ಸರ್ವಿಸ್, ಕೊಪ್ಪಳ:
ಚಲನ್ ಮೋಸದ ಬಗ್ಗೆ ಯಾರೂ ಹೇಳಲಿಲ್ಲ. ‘ನಿಮ್ಮ ಕೆಎ-37 ಗಾಡಿಗೆ ದಂಡ ಬಿದ್ದಿದೆ’ ಅಂತ ವಾಟ್ಸಾಪಲ್ಲಿ ಫೈಲ್ ಬರುತ್ತೆ. ಅದು ಫೋಟೋ ಅಲ್ಲ, ಎಪಿಕೆ, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್. ಒತ್ತಿ ಇನ್‌ಸ್ಟಾಲ್ ಮಾಡಿದರೆ ಎಸ್‌ಎಂಎಸ್ ಓದುತ್ತೆ, ಒಟಿಪಿ ಕದಿಯುತ್ತೆ. ನಿಜವಾದ ಚಲನ್ ನೋಡಬೇಕಿದ್ದರೆ ಸರ್ಕಾರದ ಪರಿವಾಹನ್‌ನ ಇ-ಚಲನ್ ಸೈಟ್ ನೀವೇ ತೆರೆದು ಗಾಡಿ ನಂಬರ್ ಹಾಕಿ. ಡ್ರೈವರ್‌ಗಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲಲ್ಲ, ಅಂಥ ಮೆಸೇಜ್ ಒಂದನ್ನು ತೋರಿಸಿ.

ಜಿಪಿಎಸ್ ಹಾಕಿಸಿದ ದಿನ ಕೊಟ್ಟ ಪಾಸ್‌ವರ್ಡ್ ಇನ್ನೂ ಅದೇ ಇದೆಯಾ? 123456 ಇಟ್ಟುಕೊಂಡವರು ಎಷ್ಟೋ ಜನ. ನಿಮ್ಮ ಲೋಡ್ ರಾತ್ರಿ ಯಾವ ಢಾಬಾ ಮುಂದೆ ನಿಂತಿದೆ ಅಂತ ಊರಿಗೆಲ್ಲ ಕಾಣುತ್ತೆ.

ಟ್ಯಾಲಿ ಬ್ಯಾಕಪ್ ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಒಂದನ್ನು ಕಂಪ್ಯೂಟರಿಂದ ಬಿಚ್ಚಿ ಮನೆಯಲ್ಲಿಡಿ. ಸದಾ ಚುಚ್ಚಿಕೊಂಡೇ ಇದ್ದರೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಅದಕ್ಕೂ ಬೀಗ ಹಾಕುತ್ತೆ.

ಕೇಳಿದವರು, ಗಂಗಾವತಿ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಗಾಡಿಯ ಎಫ್‌ಸಿ ಮುಂದಿನ ತಿಂಗಳೇ ಮುಗಿಯುತ್ತೆ, ಈಗ ನೋಡಿದೆ. ಫಾಸ್ಟ್ಯಾಗ್ ಮತ್ತು ಡೀಸೆಲ್ ಕಾರ್ಡಿನ ಒಟಿಪಿ ಡ್ರೈವರ್ ಫೋನಿಗೇ ಬರ್ತಿದೆ. ಅದು ಸರಿಯಾ?

ಮಿಲ್ ಅಕೌಂಟೆಂಟ್, ಸಿಂಧನೂರು:
ಬೇಡ. ಒಂದು ಕೀಪ್ಯಾಡ್ ಫೋನ್, ಹೊಸ ಸಿಮ್ ತಗೊಂಡು ಆಫೀಸಲ್ಲಿಡಿ. ಬ್ಯಾಂಕ್, ಫಾಸ್ಟ್ಯಾಗ್, ಡೀಸೆಲ್ ಕಾರ್ಡ್ ಎಲ್ಲ ಅದೇ ನಂಬರಿಗೆ ಮಾಡಿಸಿ. ವಾಟ್ಸಾಪೂ ಇಲ್ಲ, ಎಪಿಕೆನೂ ಇಲ್ಲ. ರೀಚಾರ್ಜ್ ಮಾತ್ರ ಮರೆಯಬೇಡಿ.