ಅಕ್ಕಿ ಡಬ್ಬದ ಹಿಂದಿನ ನೋಟ್‌ಬುಕ್ಕು ಪುಸ್ತಕ ಆಗೋದು ಹೇಗೆ? ಅನುಭವ ಇದ್ದೋರು ಹೇಳಿ

ತೀರ್ಥಹಳ್ಳಿ ಕಡೆಯಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಪೇಟೆಯಿಂದ ಸುಮಾರು ಒಳಗೆ ಇರೋ ಅಡಿಕೆ ತೋಟದ ಮನೆ. ನನಗೆ 34 ವರ್ಷ. ಮಗಳು ನಾಲ್ಕನೇ ಕ್ಲಾಸು, ಮಗ ಅಂಗನವಾಡಿ. ಅತ್ತೆ ಮಾವ ಜೊತೆಗಿದ್ದಾರೆ, ಕೊಟ್ಟಿಗೆಯಲ್ಲಿ ಮೂರು ದನ. ಹೋದ ಮಳೆಗಾಲದಲ್ಲಿ ಸುಮ್ಮನೆ ಶುರು ಮಾಡಿದ ಒಂದು ಪ್ರೇಮಕಥೆ ಈಗ 11 ಅಧ್ಯಾಯ ಆಗಿದೆ. ನೋಟ್‌ಬುಕ್ಕು ಅಕ್ಕಿ ಡಬ್ಬದ ಹಿಂದೆ ಇರ್ತದೆ. ಯಜಮಾನರಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಮನೆ, ಮಕ್ಕಳನ್ನು ಇಟ್ಟುಕೊಂಡೇ ಕಾದಂಬರಿ ಪ್ರಕಟ ಮಾಡಿದೋರು ಇದ್ದರೆ ದಯವಿಟ್ಟು ಹೇಳಿ. ಹೊತ್ತು ಹೇಗೆ ಹೊಂದಿಸಿಕೊಂಡಿರಿ? ಮುಗಿದ ಮೇಲೆ ಯಾರಿಗೆ ಕಳಿಸೋದು? ದುಡ್ಡು ನಾವೇ ಹಾಕಬೇಕಾ? ‘ಪ್ರೇಮ ಗೀಮ ಬರೀತಾಳಂತೆ’ ಅಂತ ಜನ ಆಡಿಕೊಂಡರೆ ಏನು ಮಾಡಿದಿರಿ? ಈ ವಯಸ್ಸಲ್ಲಿ ಶುರು ಮಾಡಿದ್ದು ತಡ ಆಯ್ತೇನೋ ಅಂತಲೂ ಅನ್ನಿಸ್ತದೆ.

ಶಿವಮೊಗ್ಗ ವಿನೋಬನಗರದಿಂದ, ನಾಲ್ಕು ಕಾದಂಬರಿ ಬರೆದವರು

ತಂಗೀ, ಕಡೆಯ ಪ್ರಶ್ನೆಗೆ ಮೊದಲು ಉತ್ತರ. ಎಂ.ಕೆ. ಇಂದಿರಾ ನಿಮ್ಮ ತೀರ್ಥಹಳ್ಳಿಯವರೇ. ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ಶಾಲೆಯ ಓದು ಕೆಲವೇ ವರ್ಷದ್ದು, ಮದುವೆ ಸಣ್ಣ ವಯಸ್ಸಿಗೇ. ಲೆಕ್ಕ ನೀವೇ ಹಾಕಿಕೊಳ್ಳಿ. ನಿಮಗಿನ್ನೂ ಹತ್ತು ಹನ್ನೆರಡು ವರ್ಷ ಬಾಕಿ ಇದೆ.

ನಾನು ಮೊದಲನೆಯದನ್ನು ಬರೆದದ್ದು ರಿಪ್ಪನ್‌ಪೇಟೆ ಹತ್ತಿರದ ಕೂಡು ಕುಟುಂಬದಲ್ಲಿ, ಹನ್ನೊಂದು ಜನರ ಮನೆ. ‘ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೀರಿ’ ಅಂತ ಹೇಳೋರು ಬಹಳ ಜನ. ಹಾಲು ಕುಡಿಯೋ ಮಗು ಇದ್ದೋರಿಗೆ ನಾಲ್ಕು ಗಂಟೆ ಅಂದರೆ ಆಗ ತಾನೇ ಕಣ್ಣು ಮುಚ್ಚಿದ ಹೊತ್ತು. ಒಂದು ವಾರ ಎದ್ದೆ, ಎಂಟನೇ ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಲ್ಲಿಗೆ ಬಿಟ್ಟೆ. ನನಗೆ ಒಗ್ಗಿದ್ದು ಬಚ್ಚಲ ಒಲೆ. ಸಂಜೆ ಹಂಡೆಗೆ ಬೆಂಕಿ ಹಾಕಿದರೆ ಅದರ ಮುಂದೆ ಯಾರಾದರೂ ಕೂತು ಉರಿ ಮುಂದೂಡುತ್ತಾ ಇರಬೇಕು. ಆ ಕೆಲಸ ಯಾರಿಗೂ ಬೇಡ. ನಾನೇ ಕೇಳಿ ತಗೊಂಡೆ! ಮುಕ್ಕಾಲು ಗಂಟೆ, ತೊಡೆ ಮೇಲೆ ರಟ್ಟು, ಅದರ ಮೇಲೆ ಅಡಿಕೆ ಮಂಡಿಯ ಹಳೇ ಚೀಟಿಗಳ ಹಿಂಬದಿ. ಹೊಗೆಗೆ ಕಣ್ಣೀರು ಸುರೀತಿತ್ತು. ಯಾರಾದರೂ ಬಂದರೆ ವಿರಹದ ಅಧ್ಯಾಯಕ್ಕೆ ಅಳ್ತಿದ್ದೀನಿ ಅಂತ ಅಂದುಕೊಳ್ಳೋ ಹಾಗೂ ಇರಲಿಲ್ಲ, ಯಾಕಂದ್ರೆ ಬರೀತಿದ್ದೀನಿ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ.

ದಿನಕ್ಕೆ 250 ಪದ ಅಂದರೆ ಹೆಚ್ಚು ಕಡಿಮೆ ಅಚ್ಚಿನ ಒಂದು ಪುಟ. 45,000 ಪದದ ಕಾದಂಬರಿಗೆ 180 ದಿನ, ಆರು ತಿಂಗಳು. ಕಾಗದದ ಮೇಲಿನ ಲೆಕ್ಕ ಇದು. ನನಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಅಡಿಕೆ ಕೊಯ್ಲು ಶುರುವಾದ ಮೇಲೆ ಸುಲಿಯೋರಿಗೆ ಅಡುಗೆ, ಬೇಯಿಸೋದು, ಅಟ್ಟದ ಮೇಲೆ ಹರವೋದು. ಎರಡೂವರೆ ತಿಂಗಳು ಒಂದು ಸಾಲೂ ಇಲ್ಲ. ಆ ದಿನಗಳಲ್ಲಿ ಬರೆಯಲಿಲ್ಲ ಅಂತ ಕೊರಗಬೇಡಿ. ಸಿಪ್ಪೆ ಸುಲಿಯುತ್ತಾ ಕೂತ ಹೆಂಗಸರ ಬಾಯಲ್ಲಿ ಬರೋ ಮಾತು ಕಿವಿಗೆ ಹಾಕಿಕೊಳ್ಳಿ. ನನ್ನ ಎರಡನೇ ಕಾದಂಬರಿಯ ಅರ್ಧ ಸಂಭಾಷಣೆ ಅಲ್ಲಿಂದಲೇ ಬಂತು.

ಈಗ ಫೋನಿಗೆ ಹೇಳಿದರೆ ಅದೇ ಟೈಪು ಮಾಡ್ತದೆ. ಅಡುಗೆ ಮಾಡ್ತಾ ಹೇಳಿಕೊಳ್ಳಬಹುದು, ಆದರೆ ನಮ್ಮ ಮಾತು ಅದಕ್ಕೆ ಅಷ್ಟಾಗಿ ತಿಳಿಯಲ್ಲ. ‘ಅವನು ಹಂಡೆಯ ಪಕ್ಕ ನಿಂತಿದ್ದ’ ಅಂದೆ. ‘ಅವನು ಹೆಂಡತಿಯ ಪಕ್ಕ ನಿಂತಿದ್ದ’ ಅಂತ ಬಂತು. ಪಾಪ, ನಾಯಕನಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ.

ಇನ್ನು ಅತ್ತೆಯ ವಿಷಯ. ನನ್ನ ಕಟ್ಟು ಅವರ ಕೈಗೆ ಸಿಕ್ಕಿದೆ ಅಂತ ನನಗೆ ಗೊತ್ತಾದದ್ದು ಊಟದ ಹೊತ್ತಿನಲ್ಲಿ. ಬಡಿಸ್ತಾ ಬಡಿಸ್ತಾ ಕೇಳಿದರು: ‘ಆಷಾಢದಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕ್ತಾಳಲ್ಲ ನಿನ್ನ ಹುಡುಗಿ, ಆಗ ಮಿಡಿ ಎಲ್ಲಿರ್ತದೆ ಮಾರಾಯ್ತಿ?’ ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ. ಮಿಡಿ ಬರೋದು ಬೇಸಿಗೆ ಶುರುವಿಗೆ, ಹೊಳೆ ದಂಡೆಯ ಮರದಿಂದ ಇಳಿಸಿ ಆಗಲೇ ಉಪ್ಪಿಗೆ ಹಾಕಿ ಮುಗೀತದೆ. ನನಗೆ ಗೊತ್ತಿಲ್ಲದ್ದೇನಲ್ಲ, ಮಳೆಯಲ್ಲಿ ನಾಯಕ ಬರಬೇಕು ಅನ್ನೋ ಆತುರಕ್ಕೆ ಭರಣಿಯನ್ನೂ ಮಳೆಗಾಲಕ್ಕೆ ಎಳೆದಿದ್ದೆ. ಅವತ್ತಿಂದ ಅವರೇ ನನ್ನ ಮೊದಲ ಓದುಗರು. ಪ್ರೇಮದ ಪುಟ ಬಂದರೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ, ಒರೆಸಿ, ಪುಟ ಮಗುಚ್ತಾರೆ. ನಿಮ್ಮ ಅತ್ತೆಯೂ ಹೀಗೇ ಇರ್ತಾರೆ ಅಂತ ನಾನು ಹೇಳಲಾರೆ. ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಹಸ್ತಪ್ರತಿ ಒಲೆಗೆ ಹೋಗಿದೆ. ಅದಕ್ಕೇ ಹೇಳೋದು, ಅಕ್ಕಿ ಡಬ್ಬದ ಹಿಂದೆ ಇಡಿ ಬೇಡ ಅನ್ನಲ್ಲ, ಆದರೆ ಬರೆದ ದಿನವೇ ಪ್ರತಿ ಪುಟದ ಫೋಟೊ ತೆಗೆದು ನಿಮ್ಮ ಇಮೇಲಿಗೆ ನೀವೇ ಕಳಿಸಿಕೊಳ್ಳಿ. ನನ್ನ ಮೊದಲ ಕಾದಂಬರಿಯ ಇದ್ದೊಂದೇ ಪ್ರತಿಯನ್ನು ಒಂದು ಕಡೆಗೆ ಅಂಚೆಯಲ್ಲಿ ಕಳಿಸಿ ಕಳಕೊಂಡೆ. ಎಂಟು ತಿಂಗಳು ಕಾದೆ. ‘ನಮಗೆ ತಲುಪಿಯೇ ಇಲ್ಲ’ ಅಂದರು. ಉಳಿದಿದ್ದ ಚೀಟಿಗಳಿಂದ ಅರ್ಧ ಜೋಡಿಸಿದೆ, ಮಿಕ್ಕ ಅರವತ್ತು ಪುಟ ನೆನಪಿಂದ ಬರೆದೆ. ಎರಡನೇ ಸಲ ಬರೆದದ್ದೇ ಚೆನ್ನಾಗಿತ್ತು ಅಂತ ಎಲ್ಲರೂ ಸಮಾಧಾನ ಹೇಳಿದರು. ನನಗೆ ಈಗಲೂ ಹಾಗನ್ನಿಸಲ್ಲ.

ಆಡಿಕೊಳ್ಳೋರು ಆಡಿಕೊಳ್ತಾರೆ. ‘ಇದು ನಿಮ್ಮದೇ ಕಥೆನಾ?’ ಅಂತ ಮದುವೆಮನೆ ಪಂಕ್ತಿಯಲ್ಲೇ ಕೇಳ್ತಾರೆ. ನಾನು ‘ಹೌದು, ನಿಮ್ಮದು ಮುಂದಿನ ಪುಸ್ತಕದಲ್ಲಿ’ ಅಂತೀನಿ.

ಸಾಗರದಿಂದ, ವಾರಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಕಳಿಸುವ ವಿಚಾರಕ್ಕೆ ನಾಲ್ಕು ಮಾತು. ಸುಧಾ, ತರಂಗದಂಥ ಪತ್ರಿಕೆಗಳ ಧಾರಾವಾಹಿ ಓದಿಯೇ ನಮ್ಮ ಕಡೆ ಎರಡು ತಲೆಮಾರು ಪ್ರೇಮ ಕಾದಂಬರಿ ಕಲಿತದ್ದು. ಪತ್ರಿಕೆಗೆ ಕಳಿಸುವುದಾದರೆ ಪೂರ್ತಿ ಮುಗಿಸಿ ಕಳಿಸಿ. ಅರ್ಧ ಕಳಿಸಿ ‘ಮೆಚ್ಚುಗೆಯಾದರೆ ಮುಂದುವರಿಸುತ್ತೇನೆ’ ಎಂದು ಬರೆದವರ ಕಟ್ಟನ್ನು ನಾನು ಬಿಚ್ಚುತ್ತಲೇ ಇರಲಿಲ್ಲ. ಮೇಲೆ ಒಂದು ಪುಟದಲ್ಲಿ ಕಥೆಯ ಸಾರ, ಕೊನೆಯಲ್ಲಿ ಏನಾಗುತ್ತದೆ ಎಂಬುದೂ ಸೇರಿ. ಸಂಪಾದಕರ ಹತ್ತಿರ ಗುಟ್ಟು ಮಾಡಬಾರದು. ಅಧ್ಯಾಯಗಳು ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿರಲಿ, ವಾರವಾರ ಕತ್ತರಿಸಲು ಸುಲಭ. ಮೊದಲ ಅಧ್ಯಾಯದಲ್ಲಿ ಮಳೆಯ ವರ್ಣನೆ ಮೂರು ಪುಟ ಬೇಡ. ಮಲೆನಾಡಿನಿಂದ ಬರುವ ಹತ್ತರಲ್ಲಿ ಎಂಟು ಹಸ್ತಪ್ರತಿ ಮಳೆಯಿಂದಲೇ ಶುರು, ಓದಿ ಓದಿ ನಮಗೆ ಶೀತವಾಗುತ್ತಿತ್ತು.

ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಹಾಕಿ ಓದುಗರನ್ನು ಸಂಪಾದಿಸಿದ ಗೃಹಿಣಿಯರು ಬಹಳ ಮಂದಿ ಇದ್ದಾರೆ. ಓದುಗರ ಮಾತು ಆಯಾ ದಿನವೇ ಸಿಗುತ್ತದೆ, ಅದು ದೊಡ್ಡ ಲಾಭ. ಆದರೆ ಅಲ್ಲಿ ಪೂರ್ತಿ ಹಾಕಿದ ಕಥೆಯನ್ನು ಪತ್ರಿಕೆಗೆ ‘ಎಲ್ಲೂ ಪ್ರಕಟವಾಗಿಲ್ಲ’ ಎಂದು ಕಳಿಸಲು ಬರುವುದಿಲ್ಲ. ಮೊದಲು ಯಾವ ದಾರಿ ಎಂದು ತೀರ್ಮಾನಿಸಿ, ಆಮೇಲೆ ಹೆಜ್ಜೆ ಇಡಿ.

ಭದ್ರಾವತಿಯಿಂದ, ಮೂರು ಪುಸ್ತಕ ತಂದು ಒಂದನ್ನು ಕಳೆದುಕೊಂಡವರು

ದುಡ್ಡಿನ ವಿಷಯ ನಾನು ಹೇಳ್ತೀನಿ, ಕೈ ಸುಟ್ಟುಕೊಂಡವಳು ನಾನೇ. ಮೊದಲ ಪುಸ್ತಕಕ್ಕೆ ಒಬ್ಬ ಪ್ರಕಾಶಕರು ಒಟ್ಟು 8,000 ರೂಪಾಯಿ ಕೊಟ್ಟು ಅರ್ಧ ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಅಂತಿತ್ತು. ಆ ದಿನ ನನ್ನ ಕಣ್ಣಿಗೆ ಕಂಡದ್ದು ಮುಖಪುಟದ ಮೇಲಿನ ನನ್ನ ಹೆಸರು ಮಾತ್ರ. ಆಮೇಲೆ ಎರಡು ಮುದ್ರಣ ಆಯ್ತು, ನನಗೆ ಗೊತ್ತಾದದ್ದು ಗಾಂಧಿ ಬಜಾರಿನ ಅಂಗಡಿಯಲ್ಲಿ ಹೊಸ ಮುಖಪುಟ ನೋಡಿದಾಗ. ಜಗಳ ಆಡೋಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಆಮೇಲೆ ಕೂತು ಓದಿಕೊಂಡೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡೋದು ಲಿಖಿತವಾಗಿಯೇ ಆಗಬೇಕು. ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ರಾಯಧನ (ಮಾರಾಟದಲ್ಲಿ ಬರೆದೋರ ಪಾಲು) ಅಂತ ಅದರಲ್ಲಿ ಬರಬೇಕು. ವರ್ಷ ನಮೂದಿಸದಿದ್ದರೆ ಐದು ವರ್ಷ ಅಂತಲೇ ಲೆಕ್ಕ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ನನ್ನ ಕಾಗದದಲ್ಲಿ ಆ ‘ಶಾಶ್ವತವಾಗಿ’ ಅನ್ನೋ ಒಂದು ಪದ ಇಲ್ಲದಿದ್ದರೆ ಪುಸ್ತಕ ಇಷ್ಟು ಹೊತ್ತಿಗೆ ನನ್ನ ಹತ್ತಿರ ವಾಪಸ್ ಬಂದಿರ್ತಿತ್ತು. ಕೃತಿಸ್ವಾಮ್ಯ ನಮ್ಮ ಆಯುಷ್ಯ ಮುಗಿದ ಮೇಲೂ 60 ವರ್ಷ ಇರ್ತದೆ. ಮಕ್ಕಳಿಗೆ ಬರೋ ಆಸ್ತಿ, ತೋಟದ ಪಹಣಿ ನೋಡೋ ಹಾಗೆ ನೋಡಿ. ಈಗ ನಾನು ಮೊದಲ ಮುದ್ರಣಕ್ಕೆ ಮಾತ್ರ ಒಪ್ಪಿಗೆ ಕೊಡ್ತೀನಿ. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ, ಟಿ.ವಿ. ಧಾರಾವಾಹಿ ಇವೆಲ್ಲ ನನ್ನಲ್ಲೇ ಅಂತ ಬರೆಸ್ತೀನಿ.

ರಾಯಧನ ನಮ್ಮಲ್ಲಿ ಸಾಮಾನ್ಯವಾಗಿ ಮುಖಬೆಲೆಯ ಶೇ. 10. ಪುಸ್ತಕಕ್ಕೆ 200 ರೂಪಾಯಿ, 500 ಪ್ರತಿ ಎಲ್ಲವೂ ಮಾರಾಟ ಆದರೂ 10,000 ರೂಪಾಯಿ. ಅದನ್ನೂ ಕೆಲವರು ಪುಸ್ತಕದ ರೂಪದಲ್ಲೇ ಕೊಡ್ತಾರೆ. ಇದರಿಂದ ಮನೆ ನಡೆಸ್ತೀನಿ ಅನ್ನೋ ಲೆಕ್ಕ ಇದ್ದರೆ ದನ ಮೂರನ್ನೂ ಮಾರಬೇಡಿ.

ನಿಮ್ಮಿಂದಲೇ ದುಡ್ಡು ಕೇಳಿ ‘ಪ್ರಕಟಿಸ್ತೀವಿ’ ಅನ್ನೋರ ಹತ್ತಿರ ಹೋಗೋದಕ್ಕಿಂತ ನೀವೇ ಅಚ್ಚು ಹಾಕಿಸೋದು ಮೇಲು. ಐ.ಎಸ್.ಬಿ.ಎನ್. ಅನ್ನೋ ಪುಸ್ತಕದ ಗುರುತಿನ ಸಂಖ್ಯೆಗೆ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ, ಅದನ್ನು ಕೇಂದ್ರ ಸರ್ಕಾರದ ಏಜೆನ್ಸಿ ಉಚಿತವಾಗಿ ಕೊಡ್ತದೆ, ಲೇಖಕರೇ ಅರ್ಜಿ ಹಾಕಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡ್ತದೆ. ವಯಸ್ಸಿನ ಮಿತಿ ಇರ್ತದೆ, ಆ ವರ್ಷದ ಪ್ರಕಟಣೆ ಓದಿ ಹಾಕಿ. ಪುಸ್ತಕ ಬಂದ ಮೇಲೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ, ನಮ್ಮ ಶಿವಮೊಗ್ಗದ ಕರ್ನಾಟಕ ಸಂಘ ಲೇಖಕಿಯರಿಗೆ ಎಂ.ಕೆ. ಇಂದಿರಾ ಹೆಸರಲ್ಲಿ ಕೊಡೋ ಬಹುಮಾನಕ್ಕೂ ಕಳಿಸೋದು ಮರೀಬೇಡಿ.

ಶಿವಮೊಗ್ಗ ದುರ್ಗಿಗುಡಿಯಿಂದ, ಡಿ.ಟಿ.ಪಿ. ಮಾಡುವವರು

ಟೈಪು ಮಾಡೋದಾದ್ರೆ ಯೂನಿಕೋಡ್‌ನಲ್ಲಿ ಮಾಡಿ, ನಾಳೆ ಎಲ್ಲಿ ಬೇಕಾದರೂ ಹಾಕಬಹುದು. ಆದರೆ ಅಚ್ಚಿಗೆ ಪುಟ ಕಟ್ಟೋ ನಮ್ಮಂಥೋರು ಇನ್ನೂ ನುಡಿ ಥರದ ಹಳೇ ಫಾಂಟಿಗೆ ಬದಲಾಯಿಸಿಕೊಳ್ತೀವಿ. ಆಗ ಒತ್ತು, ಅರ್ಕಾವತ್ತು ಎಲ್ಲೆಲ್ಲೋ ಹಾರ್ತವೆ. ಒಬ್ಬರ ಕಾದಂಬರಿಯ ನಾಯಕ ಸೂರ್ಯ. 192 ಪುಟದಲ್ಲಿ ಪುಟಕ್ಕೆರಡು ಸಲ ಸೂರ್ಯ, ಅಷ್ಟೂ ಕೆಟ್ಟು ಕೂತಿತ್ತು. ಬದಲಾಯಿಸಿದ ಮೇಲಿನ ಕರಡನ್ನು ನೀವೇ ಓದಿ, ಮೊದಲೇ ನೋಡಿದ್ದೀನಿ ಅನ್ನಬೇಡಿ. ಇನ್ನೊಂದು: ಅಚ್ಚಿನ ಹಾಳೆಗೆ ಫಾರಂ ಅಂತೀವಿ, 16 ಪುಟಕ್ಕೆ ಒಂದು ಫಾರಂ. 192 ಪುಟ ಅಂದರೆ ಸರಿಯಾಗಿ 12 ಫಾರಂ. 195 ಆದರೆ ಆ ಮೂರು ಪುಟಕ್ಕೆ ಖರ್ಚು ಏರ್ತದೆ. ಮುನ್ನುಡಿ ಬರೆಯೋ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹೊಸನಗರದಿಂದ, ಕಾದಂಬರಿಕಾರ್ತಿಯ ಗಂಡ

ರಾತ್ರಿ ಪಾತ್ರೆ ನಾನು ತೊಳೀತೀನಿ. ನನ್ನ ಅನುಭವ ಇಷ್ಟೇ.

ಊರು ಶಿವಮೊಗ್ಗ, ಈಗ ಬೆಂಗಳೂರು, ಬರೆಯುವ ಅಮ್ಮನ ಮಗಳು

ಮಕ್ಕಳ ಕಡೆಯಿಂದಲೂ ಯಾರಾದರೂ ಹೇಳಬೇಕಲ್ಲ. ಅಮ್ಮ ಬರೆಯುವಾಗ ಏನು ಕೇಳಿದರೂ ‘ಹ್ಞೂಂ’ ಅಂತಿದ್ದಳು. ಆ ಹ್ಞೂಂ ಮೇಲೆ ನಾನೂ ತಮ್ಮನೂ ಸೈಕಲ್ಲಿನಲ್ಲಿ ಗಾಜನೂರು ಡ್ಯಾಮಿನವರೆಗೆ ಹೋಗಿ ಬಂದಿದ್ದೇವೆ. ಸಂಜೆ ಬೈಗುಳ ಬಿದ್ದಾಗ ‘ನೀನೇ ಹ್ಞೂಂ ಅಂದೆ’ ಅಂದೆವು. ಅಮ್ಮ ‘ಅದು ನಿಮಗಲ್ಲ, ಕಥೆಗೆ’ ಅಂದಳು. ಇಂಥದ್ದರಿಂದ ನಮಗೇನೂ ಕೊರತೆ ಆಗಲಿಲ್ಲ.

ನೋವಾದದ್ದು ಬೇರೆಯದಕ್ಕೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಬ್ಬ ಹುಡುಗ ಜಾಮಿಟ್ರಿ ಬಾಕ್ಸಿನೊಳಗೆ ಚೀಟಿ ಇಟ್ಟಿದ್ದ. ಅಳ್ತಾ ಬಂದು ಅಮ್ಮನಿಗೆ ಮಾತ್ರ ಹೇಳಿದೆ. ಎರಡು ವರ್ಷದ ಮೇಲೆ ಅದೇ ಬಾಕ್ಸು, ಅದೇ ಚೀಟಿ, ಆ ಹುಡುಗ ಮಾಡಿದ್ದ ಕಾಗುಣಿತದ ತಪ್ಪು ಕೂಡ ಹಾಗೇ ಅಚ್ಚಾಗಿ ಬಂತು. ಹೆಸರು ಬದಲಿಸಿದ್ದಳು, ಆದರೆ ನಮ್ಮ ಕ್ಲಾಸಿಗೆಲ್ಲ ಗೊತ್ತಾಯ್ತು. ಆಮೇಲೆ ಬಹಳ ದಿನ ಅಮ್ಮನಿಗೆ ನಾನು ಏನನ್ನೂ ಹೇಳಲಿಲ್ಲ. ಅಕ್ಕಾ, ಮಗಳು ನಾಲ್ಕನೇ ಕ್ಲಾಸು ಅಂದಿರಿ. ಅವಳದನ್ನು ಅವಳನ್ನು ಕೇಳದೆ ಬರೀಬೇಡಿ. ಅಮ್ಮ ಈಗ ಪ್ರತಿ ಪುಸ್ತಕದ ಕರಡನ್ನೂ ನನಗೆ ಮೊದಲು ಕಳಿಸ್ತಾಳೆ. ನಾನು ಹ್ಞೂಂ ಅಂತೀನಿ.

ತೀರ್ಥಹಳ್ಳಿ ಕಡೆಯಿಂದ, ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರೆಂಟು ಮೂರು ದಿನದಿಂದ ಇರಲಿಲ್ಲ, ಈಗ ಎಲ್ಲಾ ಓದಿದೆ. ಹನ್ನೊಂದೂ ಅಧ್ಯಾಯದ ಫೋಟೊ ತೆಗೆದೆ, ನಾಲ್ಕು ಪುಟಕ್ಕೆ ಒಗ್ಗರಣೆ ಕಲೆ ಇದೆ, ಓದೋಕೆ ಬರ್ತದೆ. ನಂದೂ ಮಳೆಯಿಂದಲೇ ಶುರು ಆಗಿತ್ತು ಸಾರ್, ಆ ಎರಡು ಪುಟ ಹೊಡೆದು ಹಾಕಿದೀನಿ. ಹೊಸನಗರದ ಅಣ್ಣನ ಮಾತನ್ನ ಯಜಮಾನರಿಗೆ ಎರಡು ಸಲ ಓದಿ ಹೇಳಿದೆ, ಕೇಳಿಸದವರ ಹಾಗೆ ಕೊಟ್ಟಿಗೆಗೆ ಹೋದರು. ಅತ್ತೆಗೆ ಇನ್ನೂ ಹೇಳಿಲ್ಲ. ನಾಳೆ ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಯೋರು ಬರ್ತಾರೆ, ಒಂಬತ್ತು ಜನಕ್ಕೆ ಅಡುಗೆ ಆಗಬೇಕು, ಹಂಗಾಗಿ ಈ ವಾರ ಬರೆಯೋದು ಇಲ್ಲ.

ಡಿ.ಟಿ.ಪಿ. ಅಣ್ಣಾ, ಒಂದು ಕೇಳೋದಿತ್ತು. ನನ್ನ ನಾಯಕನ ಹೆಸರು ಹರ್ಷ. ಈಗಲೇ ಬದಲಿಸಿಬಿಡಲಾ?