ಆರು ವರ್ಷ ನಿಂತಿದ್ದ ಆರ್‌ಎಕ್ಸ್ 100: ಸ್ಟಾರ್ಟ್ ಆಗುತ್ತದೆ, ಆದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುತ್ತಿಲ್ಲ

ಸಾಗರ ಆರ್‌ಎಕ್ಸ್:

ಎಲ್ಲರಿಗೂ ನಮಸ್ಕಾರ. ಅಪ್ಪ 1994ರಲ್ಲಿ ಕೊಂಡ ಟೂ ಸ್ಟ್ರೋಕ್ ಬೈಕ್ ಯಮಹಾ ಆರ್‌ಎಕ್ಸ್ 100 ಸಾಗರದ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಆರು ವರ್ಷದಿಂದ ನಿಂತಿತ್ತು. ಅಪ್ಪನ ಮೊಣಕಾಲು ಕಿಕ್ ಹೊಡೆಯಲು ಬಿಡದಾದಾಗ ಒಳಗೆ ತಳ್ಳಿದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ನಮ್ಮ ಕಡೆಯ ಆರು ಮಳೆಗಾಲ ಎಂದರೆ ಏನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಈಗ ಊರಿಗೆ ಬಂದು ಎರಡು ವಾರದಿಂದ ಅದರ ಹಿಂದೆ ಬಿದ್ದಿದ್ದೇನೆ.

ಇಲ್ಲಿಯವರೆಗೆ ಮಾಡಿದ್ದು: ಪ್ಲಗ್ ಬಿಚ್ಚಿ, ಸಿಲಿಂಡರಿನೊಳಗೆ ಎರಡು ಚಮಚ 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತಿದೆ. ಪಿಸ್ಟನ್ ಹಿಡಿದುಕೊಂಡಿರಲಿಲ್ಲ. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಕಂದು ಬಣ್ಣಕ್ಕೆ ತಿರುಗಿ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಅದನ್ನೆಲ್ಲ ಚೆಲ್ಲಿ ಟ್ಯಾಂಕ್ ತೊಳೆದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಹಸಿರು ಬಣ್ಣದ ಅಂಟು ಒಣಗಿ ಕುಳಿತಿತ್ತು. ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಬೆಳಕಿಗೆ ಹಿಡಿದರೆ ತೂತೇ ಕಾಣಿಸುತ್ತಿರಲಿಲ್ಲ. ಗಾಳದ ನೈಲಾನ್ ಎಳೆ ಹಾಕಿ ಬಿಡಿಸಿದೆ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಇಲಿ ಗೂಡು ಕಟ್ಟಿತ್ತು: ಅಡಿಕೆ ಹಾಳೆಯ ಸಿಗುರು, ಅಮ್ಮನ ಹಳೆಯ ವಾಯಿಲ್ ಸೀರೆಯ ಚೂರು, ಮಧ್ಯೆ ಫಿಲ್ಟರಿನ ಸ್ಪಂಜು ಹಿಟ್ಟಿನಂತೆ ಉದುರಿತ್ತು. ಹೊಸ ಸ್ಪಂಜು, ಹೊಸ ಪ್ಲಗ್, ಹೊಸ ಪೆಟ್ರೋಲ್ ಪೈಪ್, ಬ್ಯಾಟರಿ ಎಲ್ಲ ಹಾಕಿದ್ದೇನೆ.

ಈಗಿನ ಸಮಸ್ಯೆ. ಚೋಕ್ ಎಳೆದು ನಾಲ್ಕನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ತಣ್ಣಗಿರುವಾಗ ಪರವಾಗಿಲ್ಲ. ಮೂರು ನಿಮಿಷ ಕಳೆದು ಬಿಸಿಯಾಯಿತೆಂದರೆ ಐಡ್ಲಿಂಗ್ ತಾನಾಗಿಯೇ ಏರುತ್ತದೆ. ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ ಎಂಜಿನ್ ಮೇಲೆಯೇ ಕೂಗುತ್ತಾ ನಿಲ್ಲುತ್ತದೆ, ಏಳೆಂಟು ಸೆಕೆಂಡ್ ಇಳಿಯುವುದೇ ಇಲ್ಲ. ಐಡ್ಲಿಂಗ್ ಸ್ಕ್ರೂ ತಗ್ಗಿಸಿದರೆ ಒಮ್ಮೆಲೇ ನಿಂತುಹೋಗುತ್ತದೆ. ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರ್ ಕೊಟ್ಟಾಗ ಜಗ್ಗುತ್ತದೆ. ಚೋಕ್ ಸ್ವಲ್ಪ ಎಳೆದರೆ ಸರಿಹೋಗುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣ ಬಳಿದಂತೆ ಬಿಳಿ. ಪೇಟೆಯ ಗ್ಯಾರೇಜಿನಲ್ಲಿ ತೋರಿಸಿದಾಗ ಸಿಲಿಂಡರಿನ ಒಳಮೈ ಕೊರೆಸಿ (ಬೋರ್ ಮಾಡಿಸಿ) ಹೊಸ ಪಿಸ್ಟನ್ ಹಾಕಬೇಕು ಎಂದರು. ಅಷ್ಟು ಖರ್ಚಿಗೆ ಕೈಹಾಕುವ ಮೊದಲು ತಿಳಿದವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಟೂ ಸ್ಟ್ರೋಕ್:

ಕಾರ್ಬುರೇಟರ್ ಮತ್ತೊಮ್ಮೆ ಬಿಚ್ಚಿರಿ. ಪೈಲಟ್ ಜೆಟ್ ಒಂದೇ ಅಲ್ಲ, ಅದರಿಂದ ಮೇಲೆ ಹೋಗುವ ಸಣ್ಣ ದಾರಿಯೂ ಕಟ್ಟಿರುತ್ತದೆ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದಾಗ ಇನ್ನೊಂದು ತುದಿಯಲ್ಲಿ ನೇರ ಎಳೆಯಾಗಿ ಹೊರಗೆ ಬರಬೇಕು. ಐಡ್ಲಿಂಗಿನ ಗಾಳಿ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಡಿ. ನನ್ನ ಗಾಡಿಯಲ್ಲಿ ಇಷ್ಟಕ್ಕೇ ಸರಿಹೋಗಿತ್ತು.

ಹಳೆ ಸ್ಪ್ಯಾನರ್:

ಸಾಗರದವರೇ, ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ರಸ್ತೆಗೆ ಇಳಿಸುವುದನ್ನು ಇವತ್ತೇ ನಿಲ್ಲಿಸಿ. ನೀವು ಬರೆದ ಲಕ್ಷಣಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ: ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದೆ.

ಹೇಗೆ ಎಂದರೆ, ಟೂ ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಗೆ. ಪಿಸ್ಟನ್ ಮೇಲೇರಿದಾಗ ಆ ಕೋಣೆ ಉಸಿರು ಎಳೆದುಕೊಳ್ಳುತ್ತದೆ, ಇಳಿದಾಗ ಒತ್ತಿ ಮೇಲಕ್ಕೆ ಕಳಿಸುತ್ತದೆ. ಆ ಕೋಣೆಯಲ್ಲಿ ಎಲ್ಲಿಯಾದರೂ ಸಂದು ಬಿಟ್ಟರೆ ಕಾರ್ಬುರೇಟರ್ ಅಳೆದು ಕೊಟ್ಟದ್ದರ ಮೇಲೆ ಲೆಕ್ಕವಿಲ್ಲದ ಗಾಳಿ ಸೇರುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ, ಅಂದರೆ ಮಿಶ್ರಣ ತೆಳುವಾಗಿ, ಎಂಜಿನ್ ವೇಗ ಮೇಲೆಯೇ ನಿಲ್ಲುತ್ತದೆ. ಚೋಕ್ ಎಳೆದು ಪೆಟ್ರೋಲ್ ಹೆಚ್ಚಿಸಿದರೆ ಸರಿಯಾಗುವುದು, ಪ್ಲಗ್ ಬಿಳಿಯಾಗುವುದು ಎರಡಕ್ಕೂ ಇದೇ ಕಾರಣ. ಜೆಟ್ ಕಟ್ಟಿದ್ದರೂ ಮಿಶ್ರಣ ತೆಳುವಾಗುತ್ತದೆ, ನಿಜ. ಆದರೆ ಬಿಸಿಯಾದಂತೆ ಐಡ್ಲಿಂಗ್ ತಾನೇ ಏರುವುದಿದೆಯಲ್ಲ, ಅದನ್ನು ಕಂಡರೆ ನಾನು ಕಾರ್ಬುರೇಟರನ್ನು ಬಿಟ್ಟು, ಕ್ರ್ಯಾಂಕಿನ ಎರಡೂ ಬದಿಯಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಸೀಲುಗಳ ಕಡೆ ನೋಡುತ್ತೇನೆ.

ರಸ್ತೆಗೆ ಬೇಡ ಎಂದದ್ದು ಹೆದರಿಸಲು ಅಲ್ಲ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಬೇಕಾದ ಆಯಿಲ್ ಬರುವುದು ಈ ಮಿಶ್ರಣದ ಜೊತೆಗೇ, ಪಿಸ್ಟನ್ ತಂಪಾಗುವುದೂ ಬಹುಮಟ್ಟಿಗೆ ಅದರಿಂದಲೇ. ಮಿಶ್ರಣ ತೆಳುವಾದಷ್ಟು ಬಿಸಿ ಹೆಚ್ಚು. ಐವತ್ತರ ವೇಗದಲ್ಲಿ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಟ್ಟಿಕೊಂಡರೆ ಬೋರ್ ಖರ್ಚಿನ ಮಾತು ಆಮೇಲೆ, ಮೊದಲು ನಿಮ್ಮ ಮೈ ಮೂಳೆ.

ಎರಡು ಪ್ರಶ್ನೆ. ಕಾರ್ಬುರೇಟರ್ ಕೂರುವ ರಬ್ಬರ್ ಜಾಯಿಂಟನ್ನು ಬಿಚ್ಚಿ ಮಡಚಿ ನೋಡಿದ್ದೀರಾ? ಎಂಜಿನ್ನಿಗೆ 2ಟಿ ಕಳಿಸುವ ಆಯಿಲ್ ಪಂಪಿನಲ್ಲಿ ಸೇರಿದ ಗಾಳಿ ತೆಗೆದಿದ್ದೀರಾ?

ಸಾಗರ ಆರ್‌ಎಕ್ಸ್:

ಸರ್, ತುಂಬಾ ಉಪಕಾರವಾಯಿತು. ಗಾಡಿ ಮುಟ್ಟಿಲ್ಲ. ರಬ್ಬರ್ ಜಾಯಿಂಟ್ ಹೊರಗಿನಿಂದ ಚೆನ್ನಾಗಿಯೇ ಕಾಣಿಸುತ್ತಿತ್ತು. ಬಿಚ್ಚಿ ಹೆಬ್ಬೆರಳಿನಿಂದ ಬಗ್ಗಿಸಿದಾಗ ಕೆಳಮೈಯಲ್ಲಿ ಉಗುರು ಹೋಗುವಷ್ಟು ಬಿರುಕು ಬಾಯಿ ತೆರೆಯಿತು. ಹೊಸದು ತರಿಸಿ ಹಾಕಿದೆ. ಸುಧಾರಿಸಿದೆ, ಜಗ್ಗುವುದು ಕಡಿಮೆಯಾಗಿದೆ. ಆದರೆ ಬಿಸಿಯಾದ ಮೇಲೆ ಕೂಗುತ್ತಾ ನಿಲ್ಲುವುದು ಇನ್ನೂ ಇದೆ.

ಆಯಿಲ್ ಪಂಪಿನ ಗಾಳಿ ತೆಗೆಯಬೇಕೆಂದು ಗೊತ್ತೇ ಇರಲಿಲ್ಲ. ಆಯಿಲ್ ಟ್ಯಾಂಕ್ ತೊಳೆದು ಹೊಸ ಆಯಿಲ್ ತುಂಬಿದ್ದೆ, ಅಷ್ಟೇ.

ಹಳೆ ಸ್ಪ್ಯಾನರ್:

ಹಾಗಾದರೆ ನಿಮ್ಮ ಪಿಸ್ಟನ್ ಉಳಿದದ್ದೇ ದೊಡ್ಡದು. ಟ್ಯಾಂಕ್ ಖಾಲಿ ಮಾಡಿದಾಗ ಕೊಳವೆಯೊಳಗೆ ಗಾಳಿ ಸೇರಿರುತ್ತದೆ. ಆ ಗಾಳಿ ಹೋಗುವವರೆಗೆ ಎಂಜಿನ್ನಿಗೆ ಹನಿ ಆಯಿಲ್ ಸಿಗುವುದಿಲ್ಲ.

ಎಂಜಿನ್ನಿನ ಬಲಬದಿಯಲ್ಲಿ ಪಂಪಿನ ಮುಚ್ಚಳ ತೆಗೆಯಿರಿ. ಪಂಪಿನ ಮೇಲೆ ವಾಷರ್ ಸಮೇತ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ಬಿಚ್ಚಿ ಕೆಳಗೆ ಬಟ್ಟೆ ಹಿಡಿಯಿರಿ. ಮೊದಲು ಗುಳ್ಳೆ ಗುಳ್ಳೆಯಾಗಿ ಬರುತ್ತದೆ. ಗುಳ್ಳೆ ನಿಂತು ಆಯಿಲ್ ಒಂದೇ ಧಾರೆಯಾಗಿ ಇಳಿದ ಮೇಲೆ ವಾಷರ್ ಮರೆಯದೆ ಬಿಗಿ ಮಾಡಿ. ಇದರಿಂದ ಪಂಪಿನವರೆಗೆ ಮಾತ್ರ ಆಯಿಲ್ ಬಂದಂತಾಯಿತು, ಮುಂದಿನ ಸಣ್ಣ ಕೊಳವೆ ಇನ್ನೂ ಖಾಲಿಯೇ. ಆದ್ದರಿಂದ ಮೊದಲ ಎರಡು ಲೀಟರ್ ಪೆಟ್ರೋಲಿಗೆ ಲೀಟರಿಗೆ 30 ಮಿಲಿಯಂತೆ 2ಟಿ ಬೆರೆಸಿಯೇ ಹಾಕಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಪಂಪಿನ ಕೇಬಲನ್ನು ಕೈಯಿಂದ ಪೂರ್ತಿ ಎಳೆದು ಹಿಡಿದರೆ ಕೊಳವೆಯೂ ಬೇಗ ತುಂಬುತ್ತದೆ. ಸೈಲೆನ್ಸರಿನಲ್ಲಿ ಹೊಗೆ ದಟ್ಟವಾದರೆ ಪಂಪ್ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಇನ್ನು ಕಳ್ಳಗಾಳಿ. ರಬ್ಬರ್ ಜಾಯಿಂಟ್ ಹೊಸದಾದ ಮೇಲೂ ಉಳಿದಿದ್ದರೆ ನನ್ನ ಅನುಮಾನ ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗಿ ಕರೆಂಟ್ ಕೊಡುವ ಚಕ್ರ) ಹಿಂದಿನ ಕ್ರ್ಯಾಂಕ್ ಸೀಲಿನ ಮೇಲೆ. ಓಡುವ ಗಾಡಿಯಲ್ಲಿ ಸೀಲಿನ ತುಟಿ ಆಯಿಲಿನಲ್ಲಿ ನೆನೆದು ಮೆದುವಾಗಿರುತ್ತದೆ. ನಿಂತ ಗಾಡಿಯಲ್ಲಿ ಒಣಗಿ ಚಕ್ಕೆಯಾಗುತ್ತದೆ, ಕ್ರ್ಯಾಂಕಿಗೆ ಅಂಟಿಕೊಂಡ ತುಟಿ ಮೊದಲ ಕಿಕ್ಕಿಗೇ ಹರಿಯುವುದೂ ಉಂಟು. ಊಹೆಯ ಮೇಲೆ ಎಂಜಿನ್ ಬಿಚ್ಚಬೇಡಿ. ಮನೆಯಲ್ಲಿ ಮುಳ್ಳಿನ ಹಳೆಯ ಬಿಪಿ ಉಪಕರಣ ಇದೆಯೇ? ಅದರ ಮಾಪಕ 300 ಮಿಲಿಮೀಟರಿನವರೆಗೆ ಹೋಗುತ್ತದೆ. ಅದು ಸುಮಾರು 6 ಪಿಎಸ್ಐ ಒತ್ತಡ, ಟೂ ಸ್ಟ್ರೋಕ್ ಎಂಜಿನ್ ಪರೀಕ್ಷೆಗೆ ಬೇಕಾದದ್ದು ಸರಿಯಾಗಿ ಅಷ್ಟೇ. ಟಯರ್ ಅಂಗಡಿಯ ಕಂಪ್ರೆಸರ್ ಹತ್ತಿರ ಮಾತ್ರ ಹೋಗಬೇಡಿ, ಒಳ್ಳೆಯ ಸೀಲೂ ಹಾರಿಹೋಗುತ್ತದೆ.

ಸೈಲೆನ್ಸರ್ ಬಿಚ್ಚಿ, ಸಿಲಿಂಡರಿನ ಬಾಯಿಗೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ತಗಡು ಇಟ್ಟು ಬಿಗಿಯಾಗಿ ಮುಚ್ಚಿ. ಕಾರ್ಬುರೇಟರ್ ತೆಗೆದು ಆ ರಬ್ಬರ್ ಜಾಯಿಂಟಿಗೆ ಸರಿಹೊಂದುವ ಪಿವಿಸಿ ಪೈಪಿನ ತುಂಡು ಕೂರಿಸಿ, ಹೊರತುದಿ ಮುಚ್ಚಿ, ಅದರೊಳಗಿಂದ ಬಿಪಿ ಉಪಕರಣದ ಕೊಳವೆ ಹಾಯಿಸಿ ಎಂ-ಸೀಲ್ ಹಚ್ಚಿ. ಗಾಳಿಯನ್ನು ಈ ದಾರಿಯಿಂದಲೇ ಕೊಡಬೇಕು. ಆರ್‌ಎಕ್ಸಿನಲ್ಲಿ ರಬ್ಬರ್ ಜಾಯಿಂಟಿನ ಹಿಂದಿರುವ ರೀಡ್ ವಾಲ್ವ್ ಒಳಮುಖವಾಗಿ ಮಾತ್ರ ತೆರೆಯುತ್ತದೆ. ಪ್ಲಗ್ ತೂತಿನಿಂದ ಕೊಟ್ಟರೆ ರಬ್ಬರ್ ಜಾಯಿಂಟ್ ಪರೀಕ್ಷೆಗೆ ಒಳಪಡುವುದೇ ಇಲ್ಲ. 250ರವರೆಗೆ ಒತ್ತಿ ಗಡಿಯಾರ ನೋಡಿ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಆಗ ಮ್ಯಾಗ್ನೆಟ್ ಕಳಚಿ ಸೀಲಿಗೆ ಸೋಪಿನ ನೀರು ಹಚ್ಚಿ. ಹೆಡ್, ಸಿಲಿಂಡರಿನ ಬುಡ, ಎಲ್ಲ ಸಂದುಗಳಿಗೂ ಹಚ್ಚಿ. ಗೇರ್ ಬಾಕ್ಸಿನ ಗಾಳಿ ಕೊಳವೆಯ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿರಿ. ಅಲ್ಲಿ ಗುಳ್ಳೆ ಬಂದರೆ ಹೋಗಿರುವುದು ಕ್ಲಚ್ ಬದಿಯ ಸೀಲ್.

ಕರಾವಳಿ ಸವಾರ:

ಮೇಲಿನ ಮಾತಿಗೆ ನನ್ನದೂ ಒಂದೆರಡು ಸೇರಿಸುತ್ತೇನೆ. ಮ್ಯಾಗ್ನೆಟ್ ಬಿಚ್ಚುವ ಮೊದಲು ಅದನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಕಟಕಟ ಎಂದರೆ ಕ್ರ್ಯಾಂಕ್ ಬೇರಿಂಗ್ ಹೋಗಿದೆ, ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ನಮ್ಮ ಉಪ್ಪುಗಾಳಿಯಲ್ಲಿ ನಿಂತ ಎಂಜಿನ್ನುಗಳಲ್ಲಿ ಬೇರಿಂಗಿಗೆ ತುಕ್ಕು ಹಿಡಿದದ್ದನ್ನು ಬಹಳ ನೋಡಿದ್ದೇನೆ. ಸಾಗರದ ತೇವವೂ ಕಡಿಮೆಯದಲ್ಲ.

ಟಯರಿನ ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಎಂದಿದ್ದರೆ 2014ರ 23ನೇ ವಾರದ್ದು. ಎಷ್ಟೇ ದಪ್ಪ ಹಲ್ಲಿದ್ದರೂ ಅಷ್ಟು ಹಳೆಯದನ್ನು ನಂಬಬೇಡಿ. ಆರ್‌ಸಿಯ ಅವಧಿಯನ್ನೂ ನೋಡಿ. 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು.

ಪೆಟ್ರೋಲ್ ವಿಷಯ: ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಮಿತಿಮೀರಿದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರಿಗೆ ಪೆಟ್ರೋಲ್ ಬಿಡುವ ಟ್ಯಾಂಕಿನ ನಲ್ಲಿ ಇರುವುದೂ ತಳದಲ್ಲೇ. ತಿಂಗಳುಗಟ್ಟಲೆ ಓಡಿಸದಿದ್ದರೆ ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಖಾಲಿ ಮಾಡಿ. ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವ ಅಭ್ಯಾಸ ಕೆಲವರಿಗಿದೆ. ಟೂ ಸ್ಟ್ರೋಕಿಗೆ ನಾನು ಅದನ್ನು ಒಪ್ಪುವುದಿಲ್ಲ, ಕೊನೆಯ ಅರ್ಧ ನಿಮಿಷ ಪಿಸ್ಟನ್ ಬರಿಗಾಳಿಯಲ್ಲಿ ಓಡುತ್ತದೆ.

ಸಾಗರ ಆರ್‌ಎಕ್ಸ್:

ಅಮ್ಮನ ಹಳೆಯ ಬಿಪಿ ಉಪಕರಣದಲ್ಲಿ ಪರೀಕ್ಷೆ ಮಾಡಿದೆ. ಮೊದಲ ಸಲ ಮುಳ್ಳು ನಿಲ್ಲಲೇ ಇಲ್ಲ, ಸೈಲೆನ್ಸರ್ ಬಾಯಿಗೆ ಇಟ್ಟ ಟ್ಯೂಬ್ ಸರಿಯಾಗಿ ಕೂತಿರಲಿಲ್ಲ. ಎರಡು ಪದರ ಮಾಡಿ ಮತ್ತೆ ಬಿಗಿ ಮಾಡಿದೆ. 250ರಿಂದ ಒಂದು ನಿಮಿಷದಲ್ಲಿ 140ಕ್ಕೆ ಇಳಿಯಿತು. ಮ್ಯಾಗ್ನೆಟ್ ಅಲುಗಾಡಿಸಿದರೆ ಸದ್ದಿಲ್ಲ. ಪುಲ್ಲರ್ ಹಾಕಿ ಅದನ್ನು ಕಳಚಿ, ಕಾಯಿಲ್ ಪ್ಲೇಟ್ ಕೂರುವ ಜಾಗಕ್ಕೆ ಗುರುತಿಗೆಂದು ಗೀರು ಹಾಕಿ ತೆಗೆದೆ. ಹಿಂದೆ ಕ್ರ್ಯಾಂಕಿನ ಸುತ್ತ ಕಪ್ಪು ಜಿಡ್ಡು ಅರ್ಧಚಂದ್ರದಂತೆ ಹರಡಿತ್ತು. ಒರೆಸಿ, ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹಚ್ಚಿ, ತಂಗಿಗೆ ಬಿಪಿ ಉಪಕರಣದ ರಬ್ಬರ್ ಬಲ್ಬ್ ಒತ್ತಲು ಹೇಳಿದೆ. ಗಂಜಿ ಉಕ್ಕಿದಂತೆ ಸೀಲಿನ ಕೆಳತುಟಿಯಿಂದ ಸಣ್ಣ ನೊರೆ ಎದ್ದಿತು. ನೀರಿನ ಲೋಟದಲ್ಲಿ ಒಂದು ಗುಳ್ಳೆಯೂ ಇಲ್ಲ.

ಸೀಲ್ ಹೊರಗೆ ತೆಗೆಯುವುದು ಹೇಗೆ? ಸ್ಕ್ರೂಡ್ರೈವರ್ ಹಾಕಿ ಮೀಟಲು ಭಯವಾಗುತ್ತಿದೆ.

ಹಳೆ ಸ್ಪ್ಯಾನರ್:

ಭಯ ಸರಿಯಾಗಿಯೇ ಇದೆ. ಕ್ರ್ಯಾಂಕಿನ ಮೈಗೆ ಒಂದು ಗೀರು ಬಿದ್ದರೂ ಹೊಸ ಸೀಲ್ ಸೋರುತ್ತದೆ. ಸೀಲಿನ ಮುಖದಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಕೊರೆದು, ಗಿಡ್ಡ ಸ್ಕ್ರೂಗಳನ್ನು ಎರಡು ಮೂರು ಸುತ್ತು ಮಾತ್ರ ತಿರುಗಿಸಿ, ಇಕ್ಕಳದಿಂದ ಒಂದಿಷ್ಟು ಈ ಕಡೆ ಒಂದಿಷ್ಟು ಆ ಕಡೆ ಎಳೆಯಿರಿ. ಕೊರೆಯುವಾಗ ಬಿಟ್‌ಗೆ ಗ್ರೀಸ್ ಹಚ್ಚಿದರೆ ಪುಡಿ ಅದಕ್ಕೇ ಅಂಟುತ್ತದೆ. ಆಳಕ್ಕೆ ಹೋಗಬೇಡಿ, ಹಿಂದೆ ಬೇರಿಂಗ್ ಇದೆ. ಹೊಸ ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಇರುವ ಮುಖ ಒಳಗೆ ಬರುವಂತೆ ಇಟ್ಟು, ಅದೇ ಅಗಲದ ಸಾಕೆಟ್ಟಿನಿಂದ ನಾಲ್ಕೂ ಕಡೆ ಸಮನಾಗಿ ತಟ್ಟಿ ಕೂರಿಸಿ. ಹಳೆಯದು ಕೂತಿದ್ದ ಆಳವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮ್ಯಾಗ್ನೆಟ್ ಜಾರದಂತೆ ಹಿಡಿಯುವ ಕ್ರ್ಯಾಂಕಿನ ಸಣ್ಣ ಕೀ ಕೆಳಗೆ ಬಿದ್ದು ಕಳೆದುಹೋಗದಿರಲಿ. ಮುಗಿದ ಮೇಲೆ ಮತ್ತೆ ಬಿಪಿ ಪರೀಕ್ಷೆ ಮಾಡದೆ ಸ್ಟಾರ್ಟ್ ಮಾಡಬೇಡಿ.

ಸಾಗರ ಆರ್‌ಎಕ್ಸ್:

ನಿನ್ನೆ ಸಂಜೆ ಕೆಲಸ ಮುಗಿಯಿತು. ಹಳೆಯ ಸೀಲ್ ಕೈಗೆ ಬಂದಾಗ ನೋಡಿದರೆ ತುಟಿ ಬೆಲ್ಲದ ಪಾಕ ಗಟ್ಟಿಯಾದಂತೆ ಗಡುಸಾಗಿತ್ತು, ಉಗುರಿನಿಂದ ಒತ್ತಿದರೆ ಚಟ್ಟೆಂದು ಮುರಿಯಿತು. ಹೊಸದು ಹಾಕಿ ಪರೀಕ್ಷೆ ಮಾಡಿದೆ: 250ರಿಂದ ಒಂದು ನಿಮಿಷಕ್ಕೆ 235. ಪಂಪಿನ ಗಾಳಿ ತೆಗೆದು, ಬೆರೆಸಿದ ಪೆಟ್ರೋಲ್ ಹಾಕಿ, ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಹತ್ತು ನಿಮಿಷ ಬಿಸಿಯಾದ ಮೇಲೆ ಆಕ್ಸಿಲರೇಟರ್ ಕೊಟ್ಟು ಬಿಟ್ಟೆ. ತಕ್ಷಣ ಇಳಿದು ಟಣ್ ಟಣ್ ಎಂದು ಐಡ್ಲಿಂಗಿಗೆ ಬಂತು. ಜಗಲಿಯಲ್ಲಿ ಕುಳಿತಿದ್ದ ಅಪ್ಪ ಎದ್ದು ಬಂದು, ಏರ್ ಸ್ಕ್ರೂವನ್ನು ತಾವೇ ಕಾಲು ಸುತ್ತು ತಿರುಗಿಸಿ, ಸದ್ದು ಕೇಳಿ, ಇಷ್ಟು ಇರಲಿ ಎಂದರು.

ಬೋರ್ ಮಾಡಿಸಲಿಲ್ಲ. ಇವತ್ತು ಹೊಸ ಟಯರಿನಲ್ಲಿ ಇಕ್ಕೇರಿಯವರೆಗೆ ನಿಧಾನವಾಗಿ ಹೋಗಿ ಬಂದೆ. ಪ್ಲಗ್ ಈಗ ಕಾಫಿ ಪುಡಿಯ ಬಣ್ಣಕ್ಕೆ ಬಂದಿದೆ. ಕ್ಲಚ್ ಬದಿಯ ಸೀಲೂ ಅಷ್ಟೇ ಹಳೆಯದು, ಅದು ಹೋದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಗೇರ್ ಆಯಿಲ್ ಬದಲಾಯಿಸಿ, ಅಳತೆ ಬರೆದಿಟ್ಟಿದ್ದೇನೆ. 500 ಕಿಲೋಮೀಟರ್ ಆದ ಮೇಲೆ ಬಸಿದು ಅಳೆದು, ಕಡಿಮೆಯಾಗಿದ್ದರೆ ಇಲ್ಲೇ ಬರೆಯುತ್ತೇನೆ.