ಹನ್ನೊಂದು ವಾರ ಧ್ಯಾನ ಮಾಡಿದೆ, ತಲೆಯೊಳಗಿನ ಸಂತೆ ಮುಗಿದಿಲ್ಲ

ಲೆಕ್ಕದಮ್ಮ:
ನನ್ನದು ಆಡಿಟ್ ಕೆಲಸ, ಹಾಗಾಗಿ ಯಾವುದನ್ನೂ ತಾಳೆ ನೋಡದೆ ಬಿಡೋಳಲ್ಲ. ಎಂಟು ವಾರ ಧ್ಯಾನ ಮಾಡಿದ್ರೆ ಮಿದುಳಿನ ರಚನೆಯೇ ಬದಲಾಗುತ್ತೆ ಅಂತ ಓದಿ ಶುರು ಮಾಡಿದೆ. ಈಗ ಹನ್ನೊಂದು ವಾರ. ದಿನಾ ಬೆಳಗ್ಗೆ 20 ನಿಮಿಷ, ತಪ್ಪಿದ್ದು ಐದೇ ದಿನ (ಹೌದು, ಬರೆದಿಟ್ಟಿದ್ದೇನೆ). ಕಣ್ಣು ಮುಚ್ಚಿದ್ದೇ ತಡ, ತಲೆಯೊಳಗೆ ಸಂತೆ. ಮೊನ್ನೆ ಮೀಟಿಂಗಲ್ಲಿ ಮೇಲಧಿಕಾರಿ ಎಲ್ಲರೆದುರು ಒಂದು ಮಾತಂದ್ರು. ರಾತ್ರಿ ಹನ್ನೊಂದಕ್ಕೂ ಪಾತ್ರೆ ಉಜ್ಜುತ್ತಾ ಅವರಿಗೆ ಉತ್ತರ ಕೊಡ್ತಾನೇ ಇದ್ದೆ. ಸಂತೋಷ ಅನ್ನೋದಂತೂ ಪತ್ತೆ ಇಲ್ಲ. ತಪ್ಪು ನನ್ನದಾ, ವಿಜ್ಞಾನದ್ದಾ?

ಕುಂಟುಬಿಲ್ಲೆ:
ಅಕ್ಕಾ, ನಾನು ಎರಡನೇ ವಾರಕ್ಕೇ ಕೈಬಿಟ್ಟೆ. ಆಪ್ ಮಾತ್ರ ಇನ್ನೂ ದಿನಾ 'ಶಾಂತವಾಗಿರಿ' ಅಂತ ಮೆಸೇಜ್ ಕಳಿಸುತ್ತೆ. ಅದನ್ನ ನೋಡಿದ್ರೇ ಮೈಯೆಲ್ಲ ಉರಿಯುತ್ತೆ.

ಹಳೇಮೇಷ್ಟ್ರು:
ಮೂವತ್ತು ವರ್ಷ ಫಿಸಿಯಾಲಜಿ ಪಾಠ ಮಾಡಿದವನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ ತಾಯಿ.

ಆ ಎಂಟು ವಾರದ ಮಾತು ಹಬ್ಬಿದ್ದು ಬಹುಪಾಲು 2011ರ ಒಂದು ಅಧ್ಯಯನದಿಂದ. ತರಬೇತಿ ಪಡೆದವರು ಬರೀ 16 ಜನ. ಅವರ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪಿಗೆ ಮುಖ್ಯವಾದ ಮಿದುಳಿನ ಭಾಗದಲ್ಲಿ, ಬೂದು ದ್ರವ್ಯ (ನರಕೋಶಗಳು ತುಂಬಿರುವ ಅಂಗಾಂಶ) ಹೆಚ್ಚಿದ್ದು ಕಂಡಿತ್ತು. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್ಸನ್ ತಂಡ ಇನ್ನೂರಕ್ಕೂ ಹೆಚ್ಚು ಜನರನ್ನು ಸ್ಕ್ಯಾನ್ ಮಾಡಿ ನೋಡಿತು, ರಚನೆಯಲ್ಲಿ ಅಂಥ ಬದಲಾವಣೆ ಸಿಗಲಿಲ್ಲ. ಧ್ಯಾನದ ಮೇಲೆಯೇ ವೃತ್ತಿ ಕಟ್ಟಿಕೊಂಡವರು ಹೀಗೆ ಒಪ್ಪಿಕೊಂಡರಲ್ಲ, ಆ ಕಾರಣಕ್ಕೇ ನನಗೆ ಅವರ ಮಾತಿನಲ್ಲಿ ನಂಬಿಕೆ.

ಇನ್ನು ನಿಮ್ಮ ಸಂತೆ. ಸುಮ್ಮನೆ ಕೂತಾಗ ಮಿದುಳು ಸುಮ್ಮನಿರುವುದಿಲ್ಲ. ಹಳೆಯದನ್ನು ಕೆದಕುವ, ನಾಳೆಯದನ್ನು ಹೆಣೆಯುವ ಒಂದು ಜಾಲ ಆಗಲೇ ಚುರುಕಾಗುತ್ತದೆ. ಡಿಫಾಲ್ಟ್ ಮೋಡ್ ಅನ್ನುವ ಹೆಸರು ಅದಕ್ಕೆ ಬಂದದ್ದು 2001ರಲ್ಲಿ ನರವಿಜ್ಞಾನಿ ಮಾರ್ಕಸ್ ರೈಕ್ಲ್ ತಂಡ ಬರೆದ ಲೇಖನದಿಂದ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು 2,250 ಜನರನ್ನು ಫೋನಿನಲ್ಲಿ ಆಗಾಗ ಕೇಳಿ ನೋಡಿದರು: ಸುಮಾರು 47% ಹೊತ್ತು ಮನಸ್ಸು ಕೈಯಲ್ಲಿರುವ ಕೆಲಸದ ಮೇಲೇ ಇರಲಿಲ್ಲ, ಹಾಗೆ ಅಲೆಯುವಾಗ ಖುಷಿಯೂ ಕಡಿಮೆ. ಅಲೆಯುವುದು ನಿಮ್ಮೊಬ್ಬರ ಕಾಯಿಲೆಯಲ್ಲ ಅಂತಾಯಿತಲ್ಲ.

ನೀವು ಎಡವಿರುವುದು ಲೆಕ್ಕದಲ್ಲೇ. ಮನಸ್ಸು ಓಡಿದ್ದನ್ನು ನಷ್ಟದ ಖಾನೆಗೆ ಬರೆಯುತ್ತಿದ್ದೀರಿ. 2012ರಲ್ಲಿ ಎಮೊರಿ ವಿಶ್ವವಿದ್ಯಾಲಯದಲ್ಲಿ ಅನುಭವಿ ಧ್ಯಾನಿಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, 'ಮನಸ್ಸು ಓಡಿದೆ ಅಂತ ಗೊತ್ತಾದ ತಕ್ಷಣ ಗುಂಡಿ ಒತ್ತಿ' ಅಂದರು. ಅವರೂ ಒತ್ತುತ್ತಲೇ ಇದ್ದರು! ಆ 'ಅಯ್ಯೋ, ಓಡಿತ್ತಲ್ಲ' ಅನ್ನುವ ಗಳಿಗೆಗೆ ಮಿದುಳಿನಲ್ಲಿ ಬೇರೆಯದೇ ಜಾಲ ಎದ್ದು ಕೂರುತ್ತದೆ. ವ್ಯಾಯಾಮ ಆಗುವುದು ಅಲ್ಲಿ. ಸಂತೆ ಖಾಲಿಯಾದರೆ ನಿಮಗೆ ಕಸರತ್ತೇ ಇಲ್ಲ.

ಒಂದು ಪ್ರಶ್ನೆ. ಹೋದ ವರ್ಷ ಇಂಥದೇ ಮಾತು ಕೇಳಿದ್ದರೆ ಎಷ್ಟು ದಿನ ಕೊರೆಯುತ್ತಿತ್ತು?

ಗಾಳಿಗಂಟೆ:
ಮೇಷ್ಟ್ರ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ. ಎಲ್ಲರಿಗೂ ಕಣ್ಣು ಮುಚ್ಚಿ ಕೂರೋದು ಒಗ್ಗಲ್ಲ. ನನಗೆ ಒಂದು ಮೌನ ಶಿಬಿರದ ನಾಲ್ಕನೇ ದಿನ ಎದೆ ಹೊಡ್ಕೊಂಡು ಉಸಿರೇ ಸಿಗದಂಗಾಯ್ತು. 'ಕೂತಿರಿ, ಹೋಗುತ್ತೆ' ಅಂದ್ರು. ಹೋಗಲಿಲ್ಲ, ಎದ್ದು ಬಂದೆ. ಈಗ ಕಣ್ಣು ತೆರೆದು ನಡೀತಾ ಪಾದ ನೆಲಕ್ಕೆ ತಾಗೋದನ್ನ ಗಮನಿಸ್ತೀನಿ, ಅಷ್ಟೇ. ಖಿನ್ನತೆಗೆ ಮಾತ್ರೆ ತಗೊಳ್ತಿರೋರು ದಯವಿಟ್ಟು ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ. ಖಿನ್ನತೆ ಮರುಕಳಿಸದಂತೆ ತಡೆಯೋದ್ರಲ್ಲಿ ಧ್ಯಾನ ಆಧಾರಿತ ಚಿಕಿತ್ಸೆ ಮಾತ್ರೆಗೆ ಹೆಚ್ಚುಕಡಿಮೆ ಸಾಟಿ ಅಂತ 2015ರಲ್ಲಿ 424 ಜನರ ಪ್ರಯೋಗ ಬಂತು, ನಿಜ. ಆದ್ರೆ ಅಲ್ಲಿ ಮಾತ್ರೆ ಇಳಿಸಿದ್ದು ವೈದ್ಯರ ಕಣ್ಗಾವಲಲ್ಲಿ.

ಲೆಕ್ಕದಮ್ಮ, ಪಾತ್ರೆ ಉಜ್ಜುವಾಗ ಮತ್ತೆ ವಾದ ಶುರುವಾದ್ರೆ 'ಇದು ಅವಮಾನ' ಅಂತ ಹೆಸರಿಟ್ಟು ನೋಡಿ. ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಲಾದ (ಭಯ, ಉದ್ವೇಗಕ್ಕೆ ಸ್ಪಂದಿಸೋ ಮಿದುಳಿನ ಭಾಗ) ಅಬ್ಬರ ತಗ್ಗುತ್ತೆ ಅಂತ 2007ರ ಒಂದು ಸ್ಕ್ಯಾನ್ ಅಧ್ಯಯನದಲ್ಲಿ ಕಂಡಿದೆ. ನನಗಂತೂ 'ಸಿಟ್ಟು' ಅಂದ್ರೆ ತಗ್ಗಲ್ಲ, 'ಅಸೂಯೆ' ಅಂತ ಸರಿಯಾದ ಹೆಸರು ಹಿಡಿದಾಗಲೇ ತಗ್ಗೋದು.

ಲೆಕ್ಕದಮ್ಮ:
ಮೇಷ್ಟ್ರೇ, ಹಳೇ ಡೈರಿ ತೆಗೆದು ನೋಡಿದೆ. ಹೋದ ವರ್ಷ ಇದೇ ಮನುಷ್ಯ, ಇದಕ್ಕಿಂತ ಸಣ್ಣ ಮಾತು, ಒಂಬತ್ತು ದಿನ ಅದನ್ನೇ ಗೀಚಿದ್ದೇನೆ. ಈ ಸಲ ಮಾರನೇ ಸಂಜೆಗೆ ಮರೆತೇ ಹೋಗಿತ್ತು. ಆದ್ರೆ ಅದು ಧ್ಯಾನದಿಂದಲೋ, ಅವರ ಮೇಲಿನ ನಿರೀಕ್ಷೆ ಬಿಟ್ಟಿದ್ದರಿಂದಲೋ?

ಹಳೇಮೇಷ್ಟ್ರು:
ಹೇಳಲಾಗದು ತಾಯಿ. ಧ್ಯಾನ ಮಾಡದ ಇನ್ನೊಬ್ಬ ಲೆಕ್ಕದಮ್ಮನನ್ನು ಎಲ್ಲಿಂದ ತರೋಣ ಹೋಲಿಸೋಕೆ? ಒಂಬತ್ತು ಒಂದಾಗಿದೆಯಲ್ಲ, ತಾಳ್ಮೆಯ ಮಾತು ಬಂದಾಗ ನಾನು ನೋಡುವುದು ಅದನ್ನೇ: ಪೆಟ್ಟು ಬಿತ್ತೋ ಇಲ್ಲವೋ ಅಂತಲ್ಲ, ಎಷ್ಟು ಹೊತ್ತಿಗೆ ಎದ್ದಿರಿ ಅಂತ.

ಲೆಕ್ಕದಮ್ಮ:
ಹೊಸ ಖಾನೆ ತೆರೆದೆ. ಇವತ್ತು 20 ನಿಮಿಷದಲ್ಲಿ 31 ಸಲ ಸಿಕ್ಕಿಬಿದ್ದೆ. ಎಣಿಸೋದೇ ಒಂದು ಯೋಚನೆ ಆಗ್ಬಿಡ್ತು, ಅದನ್ನೂ ಸೇರಿಸ್ಲಾ?